ಘಟನೆಯನ್ನು ಹೇಳಿಸದೆ ನಡೆಸಿದ ಬೆಂಬಲ ಕೂಟ: ನನ್ನ ಅನುಭವ

ಆಘಾತವನ್ನು ಹೊತ್ತು ಬದುಕುತ್ತಿರುವವರನ್ನು, ಅದರಲ್ಲೂ ಡಿಸೋಸಿಯೇಟಿವ್ ತೊಂದರೆ (ಮನಸ್ಸು ಸುತ್ತಲಿನ ಅರಿವಿನಿಂದ, ನೆನಪಿನಿಂದ, ತನ್ನಿಂದಲೇ ಕಡಿದುಹೋಗುವ ಸ್ಥಿತಿ) ಇರುವವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಒಬ್ಬರ ಮಾತು ಇನ್ನೊಬ್ಬರ ಗಾಯವನ್ನು ಕೆದಕುತ್ತದೆ, ಒಬ್ಬರು ಕಳೆದುಹೋದರೆ ಉಳಿದವರೂ ಹಿಂದೆಯೇ ಕಳೆದುಹೋಗುತ್ತಾರೆ ಎಂದು ನನ್ನನ್ನು ಎಚ್ಚರಿಸಿದವರು ಒಬ್ಬಿಬ್ಬರಲ್ಲ. ನನಗೆ ವರ್ಷಗಟ್ಟಲೆ ಚಿಕಿತ್ಸೆ ನೀಡಿದ ಹಿರಿಯರೇ ಈ ಕೆಲಸ ಬೇಡವೆಂದರು. ಅವರ ಮಾತು ಪೂರ್ತಿ ತಪ್ಪಾಗಿರಲಿಲ್ಲ, ಏಕೆಂದರೆ ನಾನು ಕಟ್ಟಿದ ಮೊದಲ ಎರಡು ಕೂಟಗಳು ಅವರು ಹೇಳಿದಂತೆಯೇ ಮುರಿದುಬಿದ್ದವು. ಮೂರನೆಯದು ಮಾತ್ರ ಹೆಚ್ಚುಕಡಿಮೆ 4 ವರ್ಷಗಳಿಂದ ನಿಂತಿದೆ. ಲೆಕ್ಕದ ಪುಸ್ತಕವನ್ನು ತೆರೆಯದೆ ಹೇಳುವುದಾದರೆ 150ಕ್ಕೂ ಹೆಚ್ಚು ಸಭೆಗಳು ನಡೆದಿವೆ. ಇಂಥ ಕೂಟವನ್ನು ನಡೆಸುತ್ತಿರುವವರಿಗೆ, ನಡೆಸಿ ಸೋತವರಿಗೆ ಉಪಯೋಗವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೂಟದಲ್ಲಿ 8 ಜನರಿದ್ದರು. ಪ್ರತಿಯೊಬ್ಬರೂ ತಮಗೆ ಆದದ್ದನ್ನು ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎಂಬ ನಂಬಿಕೆಯಿಂದ ಸರದಿಯ ಮೇಲೆ ಮಾತನಾಡಿಸಿದೆ. ಎರಡನೆಯ ವಾರ ಒಬ್ಬರು ತಮ್ಮ ಕಥೆಯನ್ನು ಹೇಳುತ್ತಿದ್ದಾಗ, ಎದುರಿಗೆ ಕುಳಿತಿದ್ದ ಮಹಿಳೆಯೊಬ್ಬರು ಅಲ್ಲಿಯವರೆಗೆ ಕುರ್ಚಿಯ ಕೈಯನ್ನು ಬೆರಳಿನಿಂದ ಉಜ್ಜುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ಅವರ ಕಣ್ಣು ಗೋಡೆಯ ಮೇಲೆ ನೆಟ್ಟಿತ್ತು, ಬೆರಳು ಮರದ ಮೇಲೆ ಹಾಗೆಯೇ ಉಳಿದಿತ್ತು. ನಾನು ಅದನ್ನು ನೋಡಿದೆ, ಆದರೆ ಗಮನವಿಟ್ಟು ಕೇಳುತ್ತಿದ್ದಾರೆ ಎಂದುಕೊಂಡೆ. ಸಭೆ ಇನ್ನೂ 40 ನಿಮಿಷ ನಡೆಯಿತು. ಆ ದಿನ ತಾವು ಮನೆಗೆ ಹೇಗೆ ಹೋದೆವೆಂಬುದೇ ತಮಗೆ ನೆನಪಿಲ್ಲವೆಂದು ಅವರು ಮೂರು ದಿನಗಳ ನಂತರ ತಿಳಿಸಿದರು. ಈ ಸ್ಥಿತಿಯನ್ನು ನಾನೇ ಒಳಗಿನಿಂದ ಬಲ್ಲವಳಾಗಿದ್ದೂ ಅದನ್ನು ಗುರುತಿಸದೆ ಹೋದದ್ದು ನನ್ನನ್ನು ಬಹುಕಾಲ ಕಾಡಿತು. ಆರನೆಯ ವಾರಕ್ಕೆ ಇಬ್ಬರು ಮಾತ್ರ ಉಳಿದರು.

ಸುರಕ್ಷತೆ ಮೊದಲು, ನೆನಪಿನ ಕೆಲಸ ಆಮೇಲೆ ಎಂಬ ಕ್ರಮವನ್ನು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ಬರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ನೊಂದವರನ್ನು ತಮ್ಮ ಕಥೆ ಹೇಳುವಂತೆ ಒತ್ತಾಯಿಸಬಾರದು ಎನ್ನುತ್ತದೆ. ಇವೆರಡನ್ನೂ ನಾನು ಓದಿದ್ದೆ. ಅವು ವೈದ್ಯರಿಗೆ ಮತ್ತು ಸ್ವಯಂಸೇವಕರಿಗೆ ಹೇಳಿದ ಮಾತು, ಒಂದೇ ನೋವನ್ನು ಉಂಡ ನಮ್ಮ ನಡುವೆ ಆ ಎಚ್ಚರಿಕೆ ಬೇಕಿಲ್ಲ ಎಂದು ಭಾವಿಸಿದ್ದೇ ನನ್ನ ತಪ್ಪು.

ಎರಡನೆಯ ಕೂಟದಲ್ಲಿ ಇನ್ನೊಂದು ತುದಿಗೆ ಹೋದೆ. 1986ರಲ್ಲಿ ಬರ್ನ್‌ಸ್ಟೈನ್ ಮತ್ತು ಪುಟ್ನಂ ರೂಪಿಸಿದ, ಡಿಸೋಸಿಯೇಶನ್ ಎಷ್ಟಿದೆಯೆಂದು ಅಳೆಯುವ 28 ಪ್ರಶ್ನೆಗಳ ಮಾಪನವನ್ನು ಎಲ್ಲರ ಕೈಯಲ್ಲೂ ತುಂಬಿಸಿ, ತಿಂಗಳಿಗೊಮ್ಮೆ ಅಂಕಗಳನ್ನು ಬರೆದಿಟ್ಟರೆ ಸುಧಾರಣೆ ಕಣ್ಣಿಗೆ ಕಾಣುತ್ತದೆಂದು ಯೋಚಿಸಿದೆ. ಅದು ತಪಾಸಣೆಗೆ ಒಳ್ಳೆಯ ಸಾಧನ, ಆದರೆ ಕೂಟದಲ್ಲಿ ವಿಷವಾಯಿತು. ಕಡಿಮೆ ಅಂಕ ಬಂದವರು ತಮ್ಮ ನೋವು ನಿಜವೇ ಅಲ್ಲವೇನೋ ಎಂದು ಕುಗ್ಗಿದರು, ಹೆಚ್ಚು ಬಂದವರು ಹೆದರಿದರು. ಇದರ ಜೊತೆಗೆ, ಒಳ್ಳೆಯ ಸಭಾಂಗಣವಿದ್ದರೆ ಜನ ಉಳಿಯುತ್ತಾರೆಂದು ನನ್ನ ಎರಡು ತಿಂಗಳ ಸಂಬಳದಷ್ಟು ಹಣವನ್ನು ವರ್ಷದ ಬಾಡಿಗೆಯಾಗಿ ಮುಂಗಡ ಕಟ್ಟಿದ್ದೆ. ಕೂಟ ನಾಲ್ಕೇ ತಿಂಗಳಿಗೆ ನಿಂತಿತು, ಹಣ ಮರಳಲಿಲ್ಲ.

ಮೂರನೆಯ ಬಾರಿ ಒಂದೇ ನಿರ್ಧಾರದಿಂದ ಆರಂಭಿಸಿದೆ: ಏನಾಯಿತು ಎಂಬುದನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಈ ವಾರವನ್ನು ಹೇಗೆ ದಾಟಿದೆವು ಎಂಬುದನ್ನು ಮಾತ್ರ ಹೇಳುತ್ತೇವೆ. ಹೀಗೆ ಮಾಡಿದರೆ ಮಾತು ಬತ್ತಿಹೋಗುತ್ತದೆ ಎಂದವರಿದ್ದರು. ಆದದ್ದು ಅದಕ್ಕೆ ವಿರುದ್ಧ. ದಂತವೈದ್ಯರ ಕುರ್ಚಿಯಲ್ಲಿ ಒರಗುವುದು ಹೇಗೆ, ತಾವು ಕೊಂಡದ್ದು ನೆನಪಿಲ್ಲದ ವಸ್ತು ಕಪಾಟಿನಲ್ಲಿ ಸಿಕ್ಕಾಗ ಗಾಬರಿಯಾಗದೆ ಇರುವುದು ಹೇಗೆ, ಕಳೆದುಹೋದ ಎರಡು ಗಂಟೆಗಳ ಬಗ್ಗೆ ಕಚೇರಿಯಲ್ಲಿ ಏನು ಹೇಳುವುದು, ಇಂಥ ವಿಷಯಗಳಿಗೆ ಸಮಯವೇ ಸಾಲುತ್ತಿರಲಿಲ್ಲ. ಒಬ್ಬ ಸದಸ್ಯರು ನೋಟ್‌ಬುಕ್ಕಿನ ಎಡಪುಟವನ್ನು ತಮ್ಮೊಳಗಿನವರಲ್ಲಿ (ಆಘಾತದಿಂದ ಒಡೆದು ಬೇರೆ ಬೇರೆ ವ್ಯಕ್ತಿಗಳಂತೆ ಇರುವ ಮನಸ್ಸಿನ ಭಾಗಗಳಲ್ಲಿ) ಯಾರು ಬೇಕಾದರೂ ಬರೆಯಲು ಬಿಟ್ಟು, ಬಲಪುಟದಲ್ಲಿ ತಾವು ಉತ್ತರ ಬರೆಯುತ್ತಿದ್ದರು. ಆ ಪದ್ಧತಿಯನ್ನು ಈಗ ನಾಲ್ವರು ಅನುಸರಿಸುತ್ತಿದ್ದಾರೆ.

ಸಭೆಗೆ 6 ಜನರಿಗಿಂತ ಹೆಚ್ಚು ಬೇಡ. ಅವಧಿಯನ್ನು 90 ನಿಮಿಷದಿಂದ 75ಕ್ಕೆ, ಅಲ್ಲಿಂದ 50ಕ್ಕೆ ಇಳಿಸಿದ ಮೇಲೆಯೇ ಸಭೆಯ ನಂತರ ಬರುತ್ತಿದ್ದ ಗಾಬರಿಯ ಕರೆಗಳು ಕಡಿಮೆಯಾದವು. ನಡೆಸುವವರು ಇಬ್ಬರಿರಬೇಕು: ಒಬ್ಬರು ಮಾತನಾಡಿಸುವವರು, ಇನ್ನೊಬ್ಬರು ಬರೀ ನೋಡುವವರು. ನೋಡುವವರ ಕಣ್ಣು ಮುಖದ ಮೇಲಲ್ಲ, ಕೈಕಾಲುಗಳ ಮೇಲಿರಬೇಕು, ಏಕೆಂದರೆ ಮುಖವನ್ನು ಸರಿಯಾಗಿ ಇಟ್ಟುಕೊಳ್ಳುವುದನ್ನು ನಮ್ಮಲ್ಲಿ ಬಹುತೇಕರು ಬಾಲ್ಯದಲ್ಲೇ ಕಲಿತಿದ್ದೇವೆ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡುವುದನ್ನು ಒಂದೇ ದಿನಕ್ಕೆ ಬಿಟ್ಟೆವು. ಅಂದು ಮೂವರು ಒಟ್ಟಿಗೆ ದೂರ ಸರಿದಿದ್ದರು. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು ವಸ್ತು ಎಂದು ಎಣಿಸುತ್ತಾ ಮನಸ್ಸನ್ನು ಈ ಕ್ಷಣಕ್ಕೆ ಮರಳಿ ತರುವ ಗ್ರೌಂಡಿಂಗ್ ಅಭ್ಯಾಸ ಹಲವರಿಗೆ ಗೊತ್ತಿರುವುದೇ. ನಮ್ಮಲ್ಲಿ ಲೆಕ್ಕ ತಪ್ಪಿದವರು ಪರೀಕ್ಷೆಯಲ್ಲಿ ಸೋತವರಂತೆ ಕಣ್ಣೀರಿಟ್ಟದ್ದರಿಂದ ಎಣಿಕೆಯನ್ನು ತೆಗೆದು, ನೆಲದ ಮೇಲೆ ಪಾದ ಮತ್ತು ಕೈಯಲ್ಲೊಂದು ವಸ್ತು, ಇಷ್ಟನ್ನೇ ಉಳಿಸಿಕೊಂಡೆವು.

ಕ್ರಿಯಾಪದಗಳನ್ನು ಕಿವಿಗೊಟ್ಟು ಕೇಳುವುದು ನಾನಾಗಿ ಕಂಡುಕೊಂಡ ವಿಧಾನ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. "ಬಾಗಿಲು ತೆರೆದಿತ್ತು" ಎನ್ನುತ್ತಿದ್ದವರು "ಬಾಗಿಲು ತೆರೀತಾ ಇದೆ" ಎಂದರೆ ಅವರು ನೆನಪಿಸಿಕೊಳ್ಳುತ್ತಿಲ್ಲ, ಅಲ್ಲಿಯೇ ಇದ್ದಾರೆ ಎಂದರ್ಥ. ಆ ಕ್ಷಣದಲ್ಲಿ ಅವರ ಹೆಸರು ಕರೆದು, ಇಂದಿನ ವಾರ, ತಾರೀಖು, ನಾವಿರುವ ಕೋಣೆ, ಬಾಗಿಲು ಯಾವ ಕಡೆಗಿದೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಮುಟ್ಟುವುದಿಲ್ಲ, ಸುತ್ತುವರಿಯಲು ಬಿಡುವುದಿಲ್ಲ. "ಆಗಿದ್ದು ಆಗಿಹೋಯಿತು, ಮರೆತುಬಿಡಿ" ಎಂಬ ಮಾತು ನಮ್ಮ ಕೂಟದಲ್ಲಿ ನಿಷಿದ್ಧ. ಮರೆಯುವುದರಲ್ಲಿ ನಮ್ಮವರು ಮೊದಲೇ ಪಳಗಿದ್ದಾರೆ, ಆ ಮರೆವೇ ಅವರ ಹಗಲುಗಳನ್ನು ನುಂಗುತ್ತಿದೆ.

ಸಂಬೋಧನೆಯಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಸದಸ್ಯರೊಬ್ಬರ ಒಳಗಿನ ಪುಟ್ಟ ಹುಡುಗಿ ಸಭೆಯಲ್ಲಿ ಮಾತನಾಡಿದಾಗ ಮಮತೆಯಿಂದ "ನೀನು" ಎಂದುಬಿಟ್ಟೆ, ಹೆಸರು, ವಯಸ್ಸು ಎಲ್ಲವನ್ನೂ ಕೇಳಿದೆ. ಮುಂದಿನ ವಾರ ಆ ಸದಸ್ಯರು, 40 ದಾಟಿದವರು, ತಲೆ ತಗ್ಗಿಸಿಕೊಂಡೇ ಕುಳಿತಿದ್ದರು. "ನೀವು ನನ್ನನ್ನು ಬಿಟ್ಟು ಅವಳನ್ನು ಮಾತಾಡಿಸಿದಿರಿ" ಎಂದರು. ಅಂದಿನಿಂದ ಯಾರೇ ಮುಂದೆ ಬಂದರೂ ಎಲ್ಲರಿಗೂ "ನೀವು" ಎಂಬ ಒಂದೇ ಗೌರವ. ಬಂದವರನ್ನು ವಿಚಾರಿಸುವುದಿಲ್ಲ, ಕಳುಹಿಸುವುದೂ ಇಲ್ಲ. "ನೀವೆಲ್ಲರೂ ಇಲ್ಲಿ ಇರಬಹುದು" ಎಂದಷ್ಟೇ ಹೇಳುತ್ತೇವೆ. ಒಳಗಿನವರೊಂದಿಗೆ ನಡೆಯಬೇಕಾದ ಆಳವಾದ ಕೆಲಸ ಚಿಕಿತ್ಸಕರದು. ಆದ್ದರಿಂದಲೇ ಚಿಕಿತ್ಸಕರಾಗಲಿ ವೈದ್ಯರಾಗಲಿ ಇಲ್ಲದವರನ್ನು ನಾವು ಸೇರಿಸಿಕೊಳ್ಳುವುದಿಲ್ಲ. ಪ್ರಾಣಕ್ಕೆ ಅಪಾಯವೆನಿಸಿದರೆ ಯಾರಿಗೆ ಕರೆ ಮಾಡಬೇಕೆಂದು ಪ್ರತಿಯೊಬ್ಬರಿಂದಲೂ ಮೊದಲೇ ಬರೆಸಿಕೊಳ್ಳುತ್ತೇವೆ. ಆ ಹಾಳೆಯನ್ನು ಇದುವರೆಗೆ ಎರಡು ಬಾರಿ ತೆರೆಯಬೇಕಾಯಿತು, ಎರಡು ಬಾರಿಯೂ ಅದು ಕೆಲಸಕ್ಕೆ ಬಂತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಬೇರೆ ಬೇರೆ ವಾಸನೆಯ ಚಿಕ್ಕ ಸೀಸೆಗಳನ್ನು ಇಟ್ಟದ್ದು ಅಪಾಯಕಾರಿಯಾಯಿತು, ವಾಸನೆಯಷ್ಟು ಬೇಗ ಹಿಂದಕ್ಕೆ ಎಳೆಯುವುದು ನಮ್ಮಲ್ಲಿ ಬೇರೆ ಯಾವುದೂ ಇರಲಿಲ್ಲ. ಈಗ ಪ್ರತಿಯೊಬ್ಬರೂ ತಾವೇ ಆರಿಸಿದ ಒಂದನ್ನು ತಮ್ಮ ಚೀಲದಲ್ಲಿ ತರುತ್ತಾರೆ. ನಡೆಯುತ್ತಾ ಮಾತನಾಡುವ ಸಭೆ ಇಬ್ಬರಿಗೆ ಮಾತ್ರ ಒಗ್ಗಿತು. ಏನೂ ಮಾತನಾಡದೆ 50 ನಿಮಿಷವೂ ಬರೆಯುತ್ತ ಕುಳಿತ ಸಭೆ ಎಲ್ಲರಿಗೂ ಇಷ್ಟವಾಗಿ, ಈಗ ಎರಡು ತಿಂಗಳಿಗೊಮ್ಮೆ ನಡೆಯುತ್ತದೆ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಡೆಸುವವರಿಗೆ ಸಂಭಾವನೆ ಕೊಡದೆ ಸೇವೆಯೆಂದು ದುಡಿಸಿಕೊಂಡರೆ ವರ್ಷದೊಳಗೆ ಅವರೇ ಕುಸಿಯುತ್ತಾರೆ. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತಿಂಗಳಿಗೊಮ್ಮೆ ನಮ್ಮ ಕೆಲಸವನ್ನು ಪರಿಶೀಲಿಸುವ ಚಿಕಿತ್ಸಕರ ಶುಲ್ಕಕ್ಕೆ, ಕಾಲು ಭಾಗದಷ್ಟು ನಡೆಸುವವರಿಗೆ, ಉಳಿದದ್ದು ಕೋಣೆಗೆ ಹೋಗುತ್ತದೆ. ಮೊದಲು ನಿಗದಿತ ಶುಲ್ಕವಿಟ್ಟಾಗ ಇಬ್ಬರು ಮೌನವಾಗಿ ಬಿಟ್ಟುಹೋದರು. ಆಮೇಲೆ ಬಾಗಿಲ ಬಳಿ ಮುಚ್ಚಿದ ಪೆಟ್ಟಿಗೆ ಇಟ್ಟೆವು, ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ಅಚ್ಚರಿಯೆಂದರೆ ಒಟ್ಟು ಮೊತ್ತ ಮೊದಲಿಗಿಂತ ಸುಮಾರು ಮೂರನೇ ಒಂದು ಭಾಗ ಏರಿತು. ಈ ವರ್ಷ ನನ್ನ ಕೈಯಿಂದ ಒಂದು ಕಾಸೂ ಹೋಗಿಲ್ಲ.

ಕೊನೆಯ 5 ನಿಮಿಷಗಳಲ್ಲಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮೊದಲೇ ಓದಿ ಬಂದವರು ಉತ್ತರವನ್ನು ಸಿದ್ಧಪಡಿಸಿಕೊಂಡು ಬರುತ್ತಾರೆ, ಆಗ ಅದು ಕೆಲಸ ಮಾಡುವುದಿಲ್ಲ. ಯಾರ ಪಕ್ಕದಲ್ಲಿ ಯಾರನ್ನು ಕೂರಿಸುತ್ತೇನೆ ಎಂಬುದನ್ನೂ ಜೊತೆಗೆ ಕುಳಿತು ಕಲಿಯುವವರಿಗೆ ಮಾತ್ರ ಹೇಳಿಕೊಡುತ್ತೇನೆ.

ಬೇಡವೆಂದಿದ್ದ ಹಿರಿಯರು ಕಳೆದ ಎರಡು ವರ್ಷಗಳಲ್ಲಿ ತಮ್ಮಲ್ಲಿಗೆ ಬರುವವರ ಪೈಕಿ ಐವರನ್ನು ನಮ್ಮ ಕೂಟಕ್ಕೆ ಕಳುಹಿಸಿದ್ದಾರೆ. ಮೊದಲ ಕೂಟದಲ್ಲಿ ಕುರ್ಚಿಯ ಮೇಲೆ ಬೆರಳು ನಿಂತುಹೋಗಿದ್ದ ಆ ಮಹಿಳೆಯೂ ಬಹಳ ಹಿಂಜರಿದು ಮರಳಿ ಬಂದರು, ಈಗ ನೋಡುವವರ ಜಾಗದಲ್ಲಿ ಕೂರುತ್ತಾರೆ. ಕಳೆದ ತಿಂಗಳ ಒಂದು ಸಭೆಯಲ್ಲಿ ಮಾತಿನ ನಡುವೆ ನಾನೇ ತುಸು ದೂರ ಸರಿದಿದ್ದೆ. ಅದು ನನ್ನ ಅರಿವಿಗೆ ಬರುವ ಮೊದಲೇ ಅವರು ನನ್ನ ಹೆಸರು ಕರೆದು, ವಾರ ಮತ್ತು ತಾರೀಖು ಹೇಳಿ, ಬಾಗಿಲು ನಿಮ್ಮ ಎಡಕ್ಕಿದೆ ಎಂದರು. ಸಭೆ ಮುಗಿಯಲು ಇನ್ನೂ 12 ನಿಮಿಷ ಉಳಿದಿತ್ತು, ಅದನ್ನು ಅವರೇ ನಡೆಸಿದರು.