ಮಳೆಗಾಲದ ಹುಲ್ಲಿಗೆ ಎಂಥ ಲಾನ್ ಮೋವರ್?

ಲಾನ್ ಮೋವರ್ ಜೊತೆ ಬರುವ ಪುಸ್ತಿಕೆಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಹುಲ್ಲು ಒಣಗಿದ ಮೇಲೆ ಕತ್ತರಿಸಿ. ಒಳ್ಳೆಯ ಮಾತೇ. ಆದರೆ ಸಕಲೇಶಪುರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಹುಲ್ಲು ಒಣಗುವುದು ಯಾವಾಗ? ಹೋಂಸ್ಟೇ ನಡೆಸುವವರು, ಮನೆ ಮುಂದೆ ಒಂದಿಷ್ಟು ಲಾನ್ ಮಾಡಿಕೊಂಡವರು ಒಂದು ಹೊಳವು ಸಿಕ್ಕಿದ ಕೂಡಲೇ ಕತ್ತರಿಸಬೇಕು. ಕತ್ತರಿಸಿದ್ದನ್ನು ಅಲ್ಲೇ ಬಿಡುವ ಹಾಗೂ ಇಲ್ಲ. ಒದ್ದೆ ಹುಲ್ಲು ಮುದ್ದೆಗಟ್ಟಿ ಕೂರುತ್ತದೆ, ಅದರಡಿಯ ಲಾನ್ ಹಳದಿ ತಿರುಗಿ ಕೊಳೆಯುತ್ತದೆ.

ನಾನು ಮೊದಲ ಸಲ ಮೋವರ್ ಕೊಂಡಾಗ ನೋಡಿದ್ದು ಎರಡೇ, ಎಚ್‌ಪಿ ಮತ್ತು ಬೆಲೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಜುಲೈನಲ್ಲಿ ಹತ್ತು ಹೆಜ್ಜೆಗೊಮ್ಮೆ ಬಾಯಿ ಕಟ್ಟಿಕೊಂಡು ನಿಲ್ಲತೊಡಗಿತು. ಚೀಲ ನೋಡಿದರೆ ಖಾಲಿ. ಹುಲ್ಲೆಲ್ಲ ಯಂತ್ರದ ಹಿಂದೆ ಸೆಗಣಿ ಹಾಕಿದ ಹಾಗೆ ಉದ್ದಕ್ಕೂ ಬಿದ್ದಿತ್ತು. ಆಮೇಲೆ ತಿಳಿದದ್ದು ಇಷ್ಟು: ಬ್ಲೇಡಿನ ಕೆಲಸ ಕತ್ತರಿಸುವುದು, ಚೀಲ ತುಂಬಿಸುವುದು ಗಾಳಿ. ಒದ್ದೆ ಹುಲ್ಲು ಭಾರ, ಅಂಟು ಬೇರೆ. ಅದನ್ನು ಎತ್ತಿ ಚೀಲಕ್ಕೆ ಎಸೆಯುವಷ್ಟು ಗಾಳಿ ಯಾವ ಯಂತ್ರದಲ್ಲಿ ಹುಟ್ಟುತ್ತದೋ ಅದೇ ಮಳೆಗಾಲದ ಯಂತ್ರ.

ಮೊದಲು, ಬೇಡದ್ದನ್ನು ಬದಿಗಿಡಿ

ತೋಟಕ್ಕೆಂದು ತಂದ ಬ್ರಷ್ ಕಟ್ಟರ್ ಕತ್ತರಿಸುತ್ತದೆ, ಬಾಚುವುದಿಲ್ಲ. ಕೈಯಲ್ಲಿ ತಳ್ಳುವ ಸಿಲಿಂಡರ್ ಮೋವರ್ ಕೂಡ ಈ ಕೆಲಸಕ್ಕಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದದ್ದು ಇಂಥದ್ದಕ್ಕೇ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಅವರಿಗೆ ಈ ಉಪಾಯ ಹೊಳೆಯಿತಂತೆ. ಕತ್ತರಿಯ ಹಾಗೆ ನಾಜೂಕಾಗಿ ಕತ್ತರಿಸುತ್ತದೆ, ಕ್ರಿಕೆಟ್ ಪಿಚ್‌ಗೆ ಈಗಲೂ ಇದೇ ಬೇಕು. ಆದರೆ ಉದ್ದ ಬೆಳೆದ ಒದ್ದೆ ಹುಲ್ಲು ಸಿಕ್ಕರೆ ರೋಲರ್‌ಗೆ ಸುತ್ತಿಕೊಳ್ಳುತ್ತದೆ. ನಮಗೆ ಬೇಕಿರುವುದು ಬ್ಲೇಡ್ ಫ್ಯಾನಿನಂತೆ ತಿರುಗುವ ರೋಟರಿ ಮೋವರ್, ಅದರಲ್ಲೂ ಚೀಲ ಹಿಂದೆ ಇರುವಂಥದ್ದು.

ಆಮೇಲೆ, ಅಂಗಡಿಯಲ್ಲೇ ಮಗುಚಿ ನೋಡಿ

ಹೊಸ ಯಂತ್ರಕ್ಕೆ ಸಾಮಾನ್ಯವಾಗಿ ಆಯಿಲ್, ಪೆಟ್ರೋಲ್ ಹಾಕಿರುವುದಿಲ್ಲ. ಕೇಳಿ ಖಾತ್ರಿ ಮಾಡಿಕೊಂಡು ಮಗುಚಲು ಹೇಳಿ. ಸಂಕೋಚ ಬೇಡ, ದುಡ್ಡು ಕೊಡುವವರು ನೀವು ಅಲ್ವಾ?

ಬ್ಲೇಡಿನ ಎರಡೂ ತುದಿ ನೋಡಿ. ಹರಿತದ ಅಂಚಿಗೆ ಬೆನ್ನಾದ ಕಡೆ ಲೋಹ ಮೇಲಕ್ಕೆ ರೆಕ್ಕೆಯಂತೆ ಬಾಗಿರಬೇಕು. ಮಲಗಿದ ಹುಲ್ಲನ್ನು ಎಬ್ಬಿಸುವ ಗಾಳಿ ಏಳುವುದು ಆ ರೆಕ್ಕೆಯಿಂದ. ರೆಕ್ಕೆ ಜಾಸ್ತಿ ಎದ್ದಿದ್ದಷ್ಟೂ ಗಾಳಿ ಜಾಸ್ತಿ. ಚಪ್ಪಟೆ ಬ್ಲೇಡ್ ಇದ್ದರೆ ಸುಮ್ನೆ ಮುಂದಿನ ಯಂತ್ರ ನೋಡಿ. ಬ್ಲೇಡಿಗೆ ಮುಚ್ಚಳದಂತಿರುವ ಕವಚ, ಅಂದರೆ ಡೆಕ್, ಆಳವಾಗಿರಲಿ. ಒಳಮೈ ನುಣುಪಾಗಿರಲಿ. ಬೋಲ್ಟು, ಪಟ್ಟಿ, ಮೂಲೆಗಳಿದ್ದಲ್ಲೆಲ್ಲ ಹುಲ್ಲು ಕಚ್ಚಿಕೊಳ್ಳುತ್ತದೆ. ಡೆಕ್ ತಗಡಿನದಾದರೆ ನಮ್ಮ ಮಳೆಗೆ ತುಕ್ಕು ಹಿಡಿಯದೆ ಇರುವುದಿಲ್ಲ. ಅಲ್ಯೂಮಿನಿಯಂ ಆದರೆ ದುಬಾರಿ, ಆದರೆ ತುಕ್ಕಿನ ಚಿಂತೆ ಇಲ್ಲ.

ಈಗ ಮುಖ್ಯವಾದದ್ದು, ಹುಲ್ಲು ಚೀಲಕ್ಕೆ ಹೋಗುವ ದಾರಿ. ಅದು ಅಗಲವಾಗಿ, ನೇರವಾಗಿ, ಮೇಲ್ಮುಖವಾಗಿ ಇರಬೇಕು. ಕೈ ಹಾಕಿ ನೋಡಿ. ನಿಮ್ಮ ಮುಷ್ಟಿಯೇ ಒಳಗೆ ಸಿಕ್ಕಿಕೊಳ್ಳುತ್ತದೆ ಅಂದರೆ ಒದ್ದೆ ಹುಲ್ಲಿನ ಮುದ್ದೆಯೂ ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ಯಂತ್ರದಲ್ಲಿ ಈ ದಾರಿ ಮಧ್ಯದಲ್ಲಿ ತಿರುವು ತೆಗೆದುಕೊಳ್ಳುತ್ತಿತ್ತು.

ಚೀಲವೂ ಉಸಿರಾಡಬೇಕು. ಒಳಗೆ ಬಂದ ಗಾಳಿ ಹೊರಗೆ ಹೋದರೆ ತಾನೇ ಇನ್ನಷ್ಟು ಹುಲ್ಲು ಬರುವುದು? ಬಟ್ಟೆಯ ಚೀಲದ ಕಣ್ಣುಗಳು ಹುಲ್ಲಿನ ರಸ, ಮಣ್ಣು ಕೂತು ಮುಚ್ಚಿಹೋಗುತ್ತವೆ. ಆಗ ಚೀಲ ಅರ್ಧ ತುಂಬುವ ಮೊದಲೇ ಹುಲ್ಲು ದಾರಿಯಲ್ಲಿ ನಿಲ್ಲುತ್ತದೆ. ಮೇಲ್ಗಡೆ ಗಟ್ಟಿ ಪ್ಲಾಸ್ಟಿಕ್, ಬದಿಗೆ ಬಲೆ ಇರುವ ಚೀಲ ತೊಳೆಯಲು ಸುಲಭ. 70 ಲೀಟರ್ ಎಂದು ಹಿಗ್ಗಬೇಡಿ. ಒದ್ದೆ ಹುಲ್ಲು ತುಂಬಿದರೆ ಅದನ್ನು ಎತ್ತಬೇಕಾದ್ದು ನಿಮ್ಮ ಸೊಂಟ.

ಚಕ್ರದ ವಿಷಯ ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ತಾನೇ ಚಲಿಸುವ ಯಂತ್ರವಾದರೆ ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವಂಥದ್ದನ್ನೇ ಕೇಳಿ. ಚೀಲದ ಭಾರ ಹಿಂದೆ ಬೀಳುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ಯಂತ್ರ ಚೀಲ ತುಂಬಿದಂತೆ ಮೂತಿ ಎತ್ತಿಕೊಂಡು ಇದ್ದಲ್ಲೇ ಜಾರುತ್ತದೆ.

ಕರೆಂಟಿಗೆ ಕೇಬಲ್ ಹಾಕಿ ಓಡಿಸುವ ಮೋವರ್ ಒದ್ದೆ ನೆಲಕ್ಕೆ ಖಂಡಿತ ಬೇಡ, ಜೀವದ ಪ್ರಶ್ನೆ. ಬ್ಯಾಟರಿಯದು ಸಣ್ಣ ಲಾನಿಗೆ ಆದೀತು, ಆದರೆ ಒದ್ದೆ ಹುಲ್ಲಿಗೆ ಚಾರ್ಜ್ ಬೇಗ ಇಳಿಯುತ್ತದೆ. ನೀರು ತಾಗಿದರೆ ನಡೆಯುತ್ತದೆಯೇ ಎಂದು ಅದರ ಪುಸ್ತಿಕೆಯಲ್ಲೇ ನೋಡಿ. ದೊಡ್ಡ ಅಂಗಳಕ್ಕೆ ನನ್ನ ಮತ ಪೆಟ್ರೋಲಿನ ಫೋರ್ ಸ್ಟ್ರೋಕ್ ಎಂಜಿನ್ನಿಗೇ.

ಮನೆಗೆ ತಂದ ಮೇಲೆ

ಎಷ್ಟು ಒಳ್ಳೆಯ ಯಂತ್ರವಾದರೂ ಒಂದೇ ಸಲ ನೆಲಕ್ಕೆ ಸಮ ಕತ್ತರಿಸಲು ಹೋದರೆ ಕಟ್ಟಿಕೊಳ್ಳುತ್ತದೆ. ಎತ್ತರ ಏರಿಸಿ, ಹುಲ್ಲಿನ ಮೂರನೇ ಒಂದು ಭಾಗವಷ್ಟೇ ತೆಗೆಯಿರಿ. ಎಂಜಿನ್ ಪೂರ್ತಿ ವೇಗದಲ್ಲಿರಲಿ, ನಡಿಗೆ ನಿಧಾನವಿರಲಿ. ಪ್ರತಿ ಸಾಲಿನಲ್ಲೂ ಅರ್ಧ ಅಗಲ ಮಾತ್ರ ಹೊಸ ಹುಲ್ಲು ಬರುವಂತೆ ಹೋಗಿ. ಚೀಲ ಅರ್ಧವಾದಾಗಲೇ ಸುರಿಯಿರಿ. ಹುಲ್ಲು ಚೀಲಕ್ಕೆ ಹೋಗುವ ದಾರಿಯನ್ನು ಮುಚ್ಚುವ ಮಲ್ಚಿಂಗ್ ಮುಚ್ಚಳ ಇರುವ ಮಾಡೆಲ್ ಆದರೆ ಅದನ್ನು ತೆಗೆದಿದ್ದೀರಾ ನೋಡಿಕೊಳ್ಳಿ. ಒಬ್ಬರು ಅದನ್ನು ಮರೆತು ಯಂತ್ರ ಸರಿಯಿಲ್ಲ ಎಂದು ವಾಪಸ್ ಒಯ್ದದ್ದನ್ನು ನಾನೇ ಕಂಡಿದ್ದೇನೆ.

ಕಟ್ಟಿಕೊಂಡರೆ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತ ಮೇಲೆಯೇ ಒಳಗೆ ಕೈ ಹಾಕಿ. ಅದೂ ಬರಿಗೈ ಬೇಡ, ಕೋಲಿನಿಂದ ಕೆದಕಿ. ಕೆಲಸ ಮುಗಿದ ದಿನವೇ ಡೆಕ್ ಕೆರೆದು ತೊಳೆಯಿರಿ. ಓರೆ ಮಾಡುವಾಗ ಏರ್ ಫಿಲ್ಟರ್ ಮೇಲ್ಗಡೆ ಬರಬೇಕು, ಇಲ್ಲದಿದ್ದರೆ ಆಯಿಲ್ ಅದಕ್ಕೆ ನುಗ್ಗುತ್ತದೆ.

ಬಾಚಿದ ಹುಲ್ಲನ್ನು ರಾಶಿ ಹಾಕಿ ಮರುದಿನ ಹಸುವಿಗೆ ಹಾಕಬೇಡಿ. ಅಷ್ಟರಲ್ಲಿ ಅದು ಕಾವು ಏರಿ ಹುಳಿ ಬಂದಿರುತ್ತದೆ, ಹೊಟ್ಟೆ ಉಬ್ಬರಿಸಬಹುದು. ಗೊಬ್ಬರದ ಗುಂಡಿಗೂ ಅದೊಂದನ್ನೇ ಸುರಿದರೆ ನಾತ ಬರುತ್ತದೆ. ಒಂದು ಬುಟ್ಟಿ ಹುಲ್ಲಿಗೆ ಒಂದೆರಡು ಬುಟ್ಟಿ ಒಣ ದರಗು ಸೇರಿಸಿ. ಅದಕ್ಕೆ ಬೇಸಿಗೆಯಲ್ಲೇ ಗುಡಿಸಿ ಕೊಟ್ಟಿಗೆಯ ಮೂಲೆಯಲ್ಲಿ ಒಟ್ಟಿಟ್ಟಿರಬೇಕು, ಅಷ್ಟೇ.