ಮನೆಯ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ಚರಂಡಿ ನೀರು ಸೇರದಂತೆ ನೋಡಿಕೊಳ್ಳುವುದು ಹೇಗೆ?

ಕೋಲಾರದಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರೋದಿಲ್ಲ. ಪೈಪು ಬಂದಿರೋದು ಚರಂಡಿಯೊಳಗಿಂದಲೇ. ನಿಮ್ಮನೇದೂ ಹಾಗೇ ಇರಬಹುದು, ಮೊದಲು ಹೋಗಿ ನೋಡಿ. ನೀರು ನಿಂತಾಗ ಪೈಪು ಖಾಲಿಯಾಗುತ್ತೆ, ಆಗ ಸಡಿಲ ಜಾಯಿಂಟಿನಿಂದ ಹೊರಗಿನ ಕೊಳಕು ಒಳಗೆ ನುಗ್ಗುತ್ತೆ. ಅದಕ್ಕೇ ಮೊದಲ ಐದು ನಿಮಿಷದ ನೀರನ್ನು ಹೊರಗೆ ಬಿಡಿ. ವಾಸನೆ ನೋಡಿ, ಆಮೇಲೆ ಸಂಪ್‌ಗೆ ತಿರುಗಿಸಿ.

ಇದು ಸುಮ್ನೆ ಹೇಳೋ ಮಾತಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾಕ್ಕೆ 600ಕ್ಕೂ ಜಾಸ್ತಿ ಜನ ಸತ್ತರು. ಕೆಟ್ಟ ಗಾಳಿಯೇ ಕಾರಣ ಅಂತ ಹೆಚ್ಚಿನವರು ನಂಬಿದ್ದ ಕಾಲದಲ್ಲಿ ಡಾಕ್ಟರ್ ಜಾನ್ ಸ್ನೋ ಮನೆಮನೆಗೆ ಹೋಗಿ ವಿಚಾರಿಸಿ, ಸತ್ತವರಲ್ಲಿ ಬಹುಪಾಲು ಜನ ಒಂದೇ ಪಂಪಿನ ನೀರು ಕುಡಿದಿದ್ದರು ಅಂತ ತೋರಿಸಿ, ಆ ಪಂಪಿನ ಹಿಡಿ ತೆಗೆಸಿದರು. ಬಾವಿಯ ಪಕ್ಕದಲ್ಲೇ ಮಲದ ಗುಂಡಿ ಸೋರುತ್ತಿತ್ತು! ಆ ಊರಿಗೆ ದೊಡ್ಡ ಒಳಚರಂಡಿ ಬಂದಿದ್ದು ಅದಾದ ಮೇಲೆ.

ಹಾಗಾಗಿ ನಿಮ್ಮ ಶೌಚದ ಗುಂಡಿಗೂ ಬೋರ್‌ವೆಲ್‌ಗೂ ಕನಿಷ್ಠ 50 ಅಡಿ ಅಂತರ ಇರಲಿ.

ಇನ್ನು ಬ್ಲೀಚಿಂಗ್ ಪೌಡರ್. 1000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. ನೇರವಾಗಿ ಸುರಿಯಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣದಂಥ ಗಸಿ ತಳ ಸೇರುತ್ತೆ. ಮೇಲಿನ ತಿಳಿಯನ್ನಷ್ಟೇ ಸಂಪ್‌ಗೆ ಹಾಕಿ ಕಲಕಿ. ಒಂದು ಗಂಟೆ ಬಿಟ್ಟು ಬಳಸಿ. ಡಬ್ಬದ ಮುಚ್ಚಳ ಬಿಗಿಯಾಗಿರಲಿ, ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತೆ.