ಸೈನಿಕರಿಗೆ ಹಸಿವು ಹುಟ್ಟಿಸಿದ್ದು: ಚಾಂಗ್‌ಪಿಂಗ್ ಕದನವನ್ನು ಆಟಕ್ಕೆ ಇಳಿಸಿದ ನನ್ನ ಅನುಭವ

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಈಟಿಯವನಂಥ ಸೈನಿಕನನ್ನು ತಯಾರಿಸಲು ಆಹಾರ ಬೇಕು. ತಯಾರಾದ ಮೇಲೆ ಅವನಿಗೆ ಊಟವೇ ಬೇಡ, ಎಷ್ಟು ಹೊತ್ತಾದರೂ ನಿಂತಲ್ಲೇ ನಿಂತಿರುತ್ತಾನೆ. ಚಾಂಗ್‌ಪಿಂಗ್ ಕದನವನ್ನು ಈ ಆಟದ ಸನ್ನಿವೇಶವಾಗಿ ಕಟ್ಟಲು ಕೂತ ನನಗೆ ದೊಡ್ಡ ತೊಡಕಾದದ್ದು ಇದೇ. ಪ್ರಾಚೀನ ಚೀನಾದ ಈ ಕದನದಲ್ಲಿ, ಕ್ರಿ.ಪೂ. 260ರಲ್ಲಿ, ಝಾವೊ ರಾಜ್ಯದ ಸೈನ್ಯವನ್ನು ಮುರಿದದ್ದು ಚಿನ್ ರಾಜ್ಯದ ಕತ್ತಿಗಿಂತ ಹೆಚ್ಚಾಗಿ ಹಸಿವು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಕ್ರಿ.ಪೂ. 262ರಲ್ಲಿ ಚಿನ್ ಸೈನ್ಯ ಯೆವಾಂಗ್ ಪಟ್ಟಣ ಹಿಡಿದಾಗ ಹಾನ್ ರಾಜ್ಯದ ಶಾಂಗ್‌ದಾಂಗ್ ಸೀಮೆ ತನ್ನ ರಾಜಧಾನಿಯಿಂದ ಕಡಿದುಹೋಯಿತು. ಅಲ್ಲಿನ ಅಧಿಕಾರಿ ಫೆಂಗ್ ತಿಂಗ್ ಚಿನ್‌ಗೆ ಶರಣಾಗದೆ 17 ಪಟ್ಟಣಗಳನ್ನು ಝಾವೊ ದೊರೆಗೆ ಒಪ್ಪಿಸಿದ. ಪುಕ್ಕಟೆ ಬಂದ ಈ ನೆಲಕ್ಕಾಗಿ, ಇಂದಿನ ಶಾನ್‌ಶಿ ಪ್ರಾಂತ್ಯದ ಗಾವ್‌ಪಿಂಗ್ ಬಳಿ, ದಾನ್ ನದಿಯ ಕಣಿವೆಯಲ್ಲಿ ಎರಡೂ ಸೈನ್ಯ ಎದುರುಬದುರು ಬಿಡಾರ ಹೂಡಿದವು.

ಮ್ಯಾಪಿಗೆ 168 × 168 ಚೌಕಗಳ ಮಧ್ಯಮ ಅಳತೆ ಸಾಕಾಯಿತು. ಪೂರ್ವಕ್ಕೆ ತಾಯ್‌ಹಾಂಗ್ ಬೆಟ್ಟಸಾಲು, ಅದರಾಚೆ ಮೂಲೆಯಲ್ಲಿ ಝಾವೊ ರಾಜಧಾನಿ ಹಾಂದಾನ್. ನಡುವೆ ಒಂದೇ ಒಂದು ಕಣಿವೆದಾರಿ ಬಿಟ್ಟೆ. ಧಾನ್ಯದ ಬಂಡಿಗಳು ಬರಬೇಕಾದ್ದು ಆ ದಾರಿಯಲ್ಲೇ.

ಆ ಕಾಲಕ್ಕೆ ಸಲ್ಲದ್ದನ್ನೆಲ್ಲ ಕಿತ್ತುಹಾಕುವ ಕೆಲಸ ಬೇಗ ಮುಗಿಯಿತು. ಮದ್ದುಗುಂಡು ಇಲ್ಲ. ರಿಕಾಪು ಇಲ್ಲದ ಕಾಲವಾದ್ದರಿಂದ ಭಾರೀ ಕವಚದ ನೈಟ್‌ಗಳೂ ಇಲ್ಲ. ಆಟ ಚೀನಾಕ್ಕೆ ಕೊಡುವ ಚು ಕೊ ನು ಬಿಲ್ಲುಗಾರರನ್ನೂ ಬಿಟ್ಟೆ. ಆ ಹೆಸರು ಬಂದದ್ದು ಕ್ರಿ.ಶ. 234ರಲ್ಲಿ ತೀರಿಕೊಂಡ ಝೂಗ ಲಿಯಾಂಗ್‌ನಿಂದ. ಸಾಮಾನ್ಯ ಅಡ್ಡಬಿಲ್ಲಿನವರು, ಈಟಿಯವರು ಸಾಕು. ಝಾವೊ ಪಕ್ಷಕ್ಕೆ ಮಾತ್ರ ಕುದುರೆ ಮೇಲಿನ ಬಿಲ್ಲುಗಾರರನ್ನು ಧಾರಾಳವಾಗಿ ಕೊಟ್ಟೆ. ಕ್ರಿ.ಪೂ. 307ರಲ್ಲೇ ಅವರ ದೊರೆ ವುಲಿಂಗ್ ಅಲೆಮಾರಿಗಳ ಉಡುಪನ್ನೂ ಸವಾರಿಯ ಬಿಲ್ಲುಗಾರಿಕೆಯನ್ನೂ ಜಾರಿಗೆ ತಂದಿದ್ದ.

ಸಂಖ್ಯೆಯ ವಿಚಾರಕ್ಕೆ ಬಂದರೆ, ಸತ್ತ ಝಾವೊ ಸೈನಿಕರು 4.5 ಲಕ್ಷ ಎನ್ನುತ್ತಾನೆ ಇತಿಹಾಸಕಾರ ಸಿಮಾ ಚಿಯೆನ್. ನನಗಂತೂ ನಂಬಿಕೆಯಿಲ್ಲ, ಆದರೂ ಅಳತೆಗೆ ಅದನ್ನೇ ಹಿಡಿದೆ. ಝಾವೊ ಕಡೆ 150 ಬೊಂಬೆ, ಒಂದಕ್ಕೆ ಮೂರು ಸಾವಿರ ಜನ.

ಇನ್ನು ಹಸಿವು. ಚಿನ್ ದಾರಿ ಮುಚ್ಚಿದ ಮೇಲೆ ಝಾವೊ ಸೈನ್ಯ ಅನ್ನವಿಲ್ಲದೆ ಉಳಿದದ್ದು 46 ದಿನ. ಆಟದ 30 ಸೆಕೆಂಡ್ ಒಂದು ದಿನ ಎಂದರೆ ಒಟ್ಟು 23 ನಿಮಿಷ. ಲೂಪ್ ಆಗುವ, ಅಂದರೆ ಮತ್ತೆ ಮತ್ತೆ ತಾನಾಗಿ ನಡೆಯುವ, ಟ್ರಿಗರ್ (ಆಟಕ್ಕೆ ಕೊಡುವ ಆದೇಶ) ಒಂದನ್ನು ಬರೆದೆ: ಪ್ರತಿ 30 ಸೆಕೆಂಡಿಗೆ ಕಣಿವೆಯೊಳಗಿನ ಪ್ರತಿ ಸೈನಿಕನಿಗೂ ಒಂದು ಅಂಕದ ಪೆಟ್ಟು. ಅಡ್ಡಬಿಲ್ಲಿನವನ ಪ್ರಾಣ 35 ಅಂಕ, ಈಟಿಯವನದು 45. ಅಂದರೆ ಈಟಿಯವರು ಸಾಯುವುದು ಸರಿಯಾಗಿ 45ನೇ ದಿನ! ಲೆಕ್ಕ ತಾನಾಗಿಯೇ ಕೂತಿತು. ಆದರೆ ಎಲ್ಲರೂ ಒಂದೇ ಕ್ಷಣಕ್ಕೆ ದೊಪ್ಪನೆ ಬಿದ್ದರೆ ನೋಡಲಾಗದು. ಅದಕ್ಕೆ ಕಣಿವೆಯನ್ನು ತುಂಡು ಮಾಡಿ ಒಂದೊಂದಕ್ಕೂ ಬೇರೆ ಟೈಮರ್ ಇಟ್ಟೆ. ಬಂಡಿ ತಲುಪಿದ ತುಂಡಿನಲ್ಲಿ ಟ್ರಿಗರ್ ಕೆಲಕಾಲ ನಿಲ್ಲುತ್ತದೆ. ಗಾಯ ಮಾಯಿಸುವ ಸನ್ಯಾಸಿಗಳನ್ನು ತೆಗೆದೆ. ಬೌದ್ಧಧರ್ಮ ಚೀನಾಕ್ಕೆ ಇನ್ನೂ ಬಂದಿರಲಿಲ್ಲ, ಹಾಗಾಗಿ ನೆಪವೂ ಸಿಕ್ಕಿತು. ಒಳಗೆ ಹೊಕ್ಕವರನ್ನು ಚೇತರಿಸುವ ಕೋಟೆಯನ್ನೂ ಕಣಿವೆಯಲ್ಲಿಡಲಿಲ್ಲ.

ಆಡಿ ನೋಡಿದ ಗೆಳೆಯ ಫೋನ್ ಮಾಡಿದ: “ಯಾರೂ ಹೊಡೀತಾನೇ ಇಲ್ಲ, ನಮ್ಮವರು ಸಾಯ್ತಾ ಇದಾರಲ್ಲೋ ಮಾರಾಯ, ಇದು ಬಗ್ಗಾ?” ಆಮೇಲೆ ಪ್ರತಿ ಪೆಟ್ಟಿನ ಜೊತೆ ಧಾನ್ಯ ಮುಗಿದು ಎಷ್ಟು ದಿನವಾಯಿತೆಂಬ ಸಾಲೊಂದು ತೆರೆಯ ಮೇಲೆ ಬರುವಂತೆ ಮಾಡಿದೆ.

ಆಟದ ಮೊದಲರ್ಧ ಝಾವೊ ಸೇನಾಪತಿ ಲಿಯೆನ್ ಪೊನದು. ಈ ಹಳೇ ಹುಲಿ ಗೋಡೆ ಕಟ್ಟಿಕೊಂಡು, ಎಷ್ಟು ಕೆಣಕಿದರೂ ಹೊರಬರಲಿಲ್ಲ. ಝಾವೊ ಪಕ್ಷದಿಂದ ಆಡುವ ಆಟಗಾರನೂ ಹಾಗೇ ಕೂರಬೇಕು, ಆದರೆ ಕೂರುವುದಕ್ಕೂ ಬೆಲೆಯಿರಬೇಕು. ಝಾವೊ ದೊರೆಯ ಸಹನೆಗೆ ಒಂದು ವೇರಿಯಬಲ್ (ಬದಲಾಗುವ ಅಂಕಿ) ಇಟ್ಟೆ, ದಿನಕ್ಕಿಷ್ಟು ಇಳಿಯುತ್ತದೆ. ಚಿನ್ ಹಬ್ಬಿಸುವ ಗಾಳಿಸುದ್ದಿಗೆ ಇನ್ನಷ್ಟು. ಸೊನ್ನೆ ಮುಟ್ಟಿದರೆ ಲಿಯೆನ್ ಪೊ ಮಾಯ, ಹೊಸ ಸೇನಾಪತಿ ಝಾವೊ ಕುವೊ ಹಾಜರ್. ಈ ಬದಲಾವಣೆಯನ್ನು ತಡೆಯಲು ದಾರಿ ಕೊಟ್ಟಿಲ್ಲ. ಅಷ್ಟರೊಳಗೆ ಕಣಜ ತುಂಬಿ, ಬಂಡಿದಾರಿಗೆ ಕಾವಲು ಹಾಕಿದವನು ಮುಂದೆ ಉಸಿರಾಡುತ್ತಾನೆ.

ಝಾವೊ ಕುವೊನನ್ನು ಪುಸ್ತಕದ ಬದನೆಕಾಯಿ ಎಂದು ಗೇಲಿ ಮಾಡುವುದು ವಾಡಿಕೆ. ನಾನು ಅವನಿಗೆ ಒಳ್ಳೆಯ ಸೈನಿಕರನ್ನೇ ಕೊಟ್ಟೆ. ಎದುರಿಗಿದ್ದವನು ಚಿನ್‌ನ ಹೆಸರಾಂತ ಸೇನಾಪತಿ ಬಾಯ್ ಚಿ ಎಂಬುದು ಅವನಿಗೆ ತಿಳಿದಿರಲಿಲ್ಲ. ಸುದ್ದಿ ಸೋರಿಸಿದವನ ತಲೆ ಹೋಗುತ್ತದೆ ಎಂದು ಚಿನ್ ಆಜ್ಞೆ ಹೊರಡಿಸಿತ್ತು. ಹಾಗಾಗಿ ಚಿನ್ ಸೇನಾಪತಿಯ ಬೊಂಬೆಯ ಮೇಲೆ ಮೊದಲು ಕಾಣುವುದು ಅವನಿಗಿಂತ ಮೊದಲಿದ್ದ ಸೇನಾಪತಿ ವಾಂಗ್ ಹೆಯ ಹೆಸರು. ಝಾವೊ ಪಡೆಯ 40 ಬೊಂಬೆಗಳು ನದಿ ದಾಟಿದೊಡನೆ ಚಿನ್ ಹಿಮ್ಮೆಟ್ಟುತ್ತದೆ, ಹಿಂದಿನ ಬೆಟ್ಟದಲ್ಲಿ ಹೊಸ ಪಡೆ ಎದ್ದು ದಾರಿ ಮುಚ್ಚುತ್ತದೆ, ಆಗ ಹೆಸರು ಬದಲಾಗುತ್ತದೆ. ದಾಖಲೆಯಂತೆ ಹಿಂದೆ ಬಂದವರು 25,000, ನಡುವೆ ನುಗ್ಗಿದ ಸವಾರರು 5,000. ನನ್ನ ಅಳತೆಯಲ್ಲಿ ಅದು ಹತ್ತು ಬೊಂಬೆ, ಯಾರೂ ಹೆದರುವುದಿಲ್ಲ. ಅಲ್ಲಿ ಲೆಕ್ಕ ಬದಿಗಿಟ್ಟು 42 ಇಳಿಸಿದೆ.

ಚೀ ರಾಜ್ಯಕ್ಕೆ ಧಾನ್ಯ ಕೇಳಲು ದೂತನನ್ನು ಕಳಿಸಬಹುದು. ಬರಿಗೈಲಿ ಬರುತ್ತಾನೆ. ಇತಿಹಾಸದಲ್ಲೂ ಅವರು ಕೊಡಲಿಲ್ಲ, ನಾನೂ ಕೊಡಿಸಲಿಲ್ಲ.

ಗೆಲ್ಲಲು 20 ಬೊಂಬೆಗಳನ್ನು ಪೂರ್ವದ ಕಣಿವೆದಾರಿ ದಾಟಿಸಬೇಕು. ನಿಜದಲ್ಲಿ ಬದುಕಿ ಬಂದದ್ದು ಚಿನ್ ಬಿಟ್ಟುಕಳಿಸಿದ 240 ಎಳೆಯರು, ನನ್ನ ಅಳತೆಗೆ ಒಂದು ಬೊಂಬೆಯೂ ಆಗದು. ಗೆಳೆಯ ಕುದುರೆಯವರನ್ನು ಮೊದಲ ವಾರದಲ್ಲೇ ನುಗ್ಗಿಸಿ ಗೆದ್ದ, ಕಾಲಾಳುಗಳನ್ನು ಅಲ್ಲೇ ಬಿಟ್ಟು. ಈಗ ಆ 20ರಲ್ಲಿ ಅರ್ಧ ಈಟಿಯವರಿರಬೇಕು ಎಂದು ನಿಯಮ ಬಿಗಿ ಮಾಡುತ್ತಿದ್ದೇನೆ.